ಬಾವಿಗೆ ಹಾಕಿದ ಪುಸ್ತಕ

ನಮ್ಮ ಕಾಕ ಉಮ್ಮನಿಗೆ ಬಿ.ಪಿ.ಯ ಮಾತ್ರೆ ಕೊಡುವ ರೀತಿ ಲೋಕದಲ್ಲಿ ಬೇರೆ ಯಾರಿಗೂ ಇರಲಿಲ್ಲ. ಎಲ್ಲರೂ ಮಾತ್ರೆಯನ್ನು ಅಂಗೈಗೆ ಹಾಕುತ್ತಾರೆ. ಅವನು ತೋರುಬೆರಳಿನ ಉಗುರಿನ ಮೇಲೆ ಮಾತ್ರೆಯನ್ನು ಕೂರಿಸಿ, ಅದರ ಮೇಲೆ ನಡುಬೆರಳಿನ ತುದಿಯನ್ನು ಒತ್ತಿ ಹಿಡಿದು, ಕೈಯನ್ನು ಸ್ವಲ್ಪ ಮೇಲೆತ್ತಿ, ಉಮ್ಮನ ಮುಂದಿನ ಸ್ಟೀಲ್ ತಟ್ಟೆಯಲ್ಲಿ ‘ಟಕ್’ ಎಂದು ಇಡುತ್ತಿದ್ದ. ಇಟ್ಟಮೇಲೆ ಒಂದು ಗಳಿಗೆ ಬೆರಳನ್ನು ಅಲ್ಲೇ ಬಿಟ್ಟು ನೋಡುತ್ತಿದ್ದ, ತಟ್ಟೆ ಏನಾದರೂ ಉತ್ತರ ಕೊಡುತ್ತದೋ ಎಂಬಂತೆ.

“ಮಾತ್ರೆ ಕೊಡು ಮೋನೇ, ಮಂತ್ರ ಮಾಡ್ಬೇಡ” ಎಂದು ಉಮ್ಮ ಬೈಯುತ್ತಿದ್ದರು.

ಊಟಕ್ಕೆ ಕೂತಾಗ ಉಪ್ಪಿನ ಹರಳು, ಬಸ್ಸಿನಲ್ಲಿ ನಾಣ್ಯ, ಅಂಗಡಿಯಲ್ಲಿ ಕಾಗದಕ್ಕೆ ಚುಚ್ಚುವ ಪಿನ್ನು, ಎಲ್ಲವೂ ಆ ಎರಡು ಬೆರಳುಗಳ ನಡುವೆಯೇ. ಮೂಡುಬಿದಿರೆ ಬಸ್ಸಿನ ಕಂಡಕ್ಟರ್ ಒಮ್ಮೆ ಎಲ್ಲರಿಗೂ ಕೇಳುವಂತೆ, “ಎಂತ ಹನೀಫಾಕ, ಮದುಮಗಳಿಗೆ ಮೂಗುಬೊಟ್ಟು ಇಡುವ ಹಾಗೆ ಕೊಡ್ತೀರಲ್ಲ ಮಾರಾಯ್ರೆ!” ಎಂದನಂತೆ. ಕಾಕನೇ ಮನೆಗೆ ಬಂದು ಇದನ್ನು ಹೇಳಿ ನಕ್ಕಿದ್ದ.

ಕಾಕ ಎಂದರೆ ನಮ್ಮ ಬ್ಯಾರಿ ಮಾತಿನಲ್ಲಿ ಅಣ್ಣ. ಉಮ್ಮ ಎಂದರೆ ತಾಯಿ, ಉಪ್ಪ ಎಂದರೆ ತಂದೆ, ಮೋನು ಮಗ, ಮೋಳು ಮಗಳು. ನನಗಿಂತ ಎಂಟು ವರ್ಷ ದೊಡ್ಡವನು. ನಮ್ಮ ಮನೆ ಪಾಣೆಮಂಗಳೂರಿನ ಹತ್ತಿರ, ಒಂದು ಗುಡ್ಡೆಯ ಮೇಲೆ. ರಸ್ತೆಯಿಂದ ಮೂವತ್ತು ಮೆಟ್ಟಿಲು ಹತ್ತಬೇಕು. ಅಂಗಳದಲ್ಲಿ ಕೆಂಪುಕಲ್ಲಿನ ಬಾವಿ. ಉಪ್ಪ ತೀರಿಕೊಂಡಾಗ ನಾನು ಏಳನೇ ಕ್ಲಾಸಿನಲ್ಲಿದ್ದೆ. ಅಲ್ಲಿಗೆ ನನ್ನ ಶಾಲೆ ಮುಗಿಯಿತು. ಬೀಡಿಯ ತಡ್ಪೆ ಮಡಿಲಿಗೆ ಬಂತು. ತಡ್ಪೆ ಎಂದರೆ ಗೆರಸೆ. ಅದರಲ್ಲಿ ಎಲೆ, ಹೊಗೆಸೊಪ್ಪು, ನೂಲು, ಕತ್ತರಿ. ಮುಂದೆ ಮದುವೆಯಾಯಿತು. ಗಂಡ ಗಲ್ಫಿನಲ್ಲಿದ್ದುದರಿಂದ ನಾನು ತವರಿನಲ್ಲಿಯೇ ಇದ್ದೆ, ತಡ್ಪೆಯೂ ನನ್ನ ಜೊತೆಗೇ ಇತ್ತು. ಕನ್ನಡ ಪೇಪರನ್ನು ಅಕ್ಷರ ಅಕ್ಷರ ಕೂಡಿಸಿ ಓದಬಲ್ಲೆ. ಇಂಗ್ಲಿಷ್ ಇಲ್ಲ. ಈ ಬರಹದಲ್ಲಿ ತಪ್ಪಿದ್ದರೆ ಅದು ಆ ಏಳನೇ ಕ್ಲಾಸಿನದು. ಇದರೊಳಗೆ ಇರುವ ದೊಡ್ಡ ತಪ್ಪು ಮಾತ್ರ ನನ್ನದು.

ಕಾಕ ಪಿ.ಯು.ಸಿ. ಮುಗಿಸಿ ಮೂಡುಬಿದಿರೆಯಲ್ಲಿ ಒಂದು ಜೆರಾಕ್ಸ್ ಅಂಗಡಿಗೆ ಸೇರಿದ. ಬೆಳಿಗ್ಗೆ ಬಿ.ಸಿ.ರೋಡಿಗೆ ನಡೆದು, ಅಲ್ಲಿಂದ ಸಿದ್ದಕಟ್ಟೆಯ ದಾರಿಯಾಗಿ ಬಸ್ಸು. ಅಲ್ಲಿ ಕಾಲೇಜುಗಳು ಹೆಚ್ಚು, ಎಲ್ಲೆಲ್ಲಿಯದೋ ಮಕ್ಕಳು. ಮೊದಲು ಟೈಪ್ ಮಾಡುವ ಯಂತ್ರ ಇತ್ತು, ಆಮೇಲೆ ಕಂಪ್ಯೂಟರ್ ಬಂತು. ಬೀದರ್ ಕಡೆಯ ಒಬ್ಬ ವಿದ್ಯಾರ್ಥಿಯ ಪ್ರಾಜೆಕ್ಟನ್ನು ಕಾಕ ರಾತ್ರಿ ಹಗಲು ಕೂತು ಟೈಪ್ ಮಾಡಿ ಕೊಟ್ಟಿದ್ದನಂತೆ. ಆ ಹುಡುಗ ಊರಿಗೆ ಹೋಗುವಾಗ ಒಂದು ಸಿ.ಡಿ. ಕೊಟ್ಟು, “ಇದರಲ್ಲಿ ಒಂದಿಷ್ಟು ಪುಸ್ತಕ ಅದಾವ್ರಿ ಅಣ್ಣಾರ. ನಿಮ್ಮಂಥ ತಾಳ್ಮಿ ಇದ್ದೋರಿಗೆ ಇವು” ಎಂದಿದ್ದ. ಸಿ.ಡಿ.ಯ ಮೇಲೆ ಇಂಗ್ಲಿಷಿನ ಪಕ್ಕದಲ್ಲಿ ಚೀನಾದವರದೋ ಜಪಾನಿನವರದೋ ಅಕ್ಷರ ಇತ್ತು. ಪುಟ್ಟ ಮನೆಗಳ ಚಿತ್ರದ ಹಾಗೆ.

ಅಂಗಡಿಗೆ ಹೊಸ ಕಂಪ್ಯೂಟರ್ ಬಂದಾಗ ಧನಿಗಳು ಹಳೆಯದನ್ನು ಕಾಕನಿಗೆ ಕೊಟ್ಟರು. ಅವನು ಟಿ.ವಿ.ಯಂಥ ಭಾಗವನ್ನು ಬೆಡ್‌ಶೀಟಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು, ಪೆಟ್ಟಿಗೆಯಂಥ ಭಾಗವನ್ನು ಕಾಲ ಕೆಳಗಿಟ್ಟುಕೊಂಡು ಬಸ್ಸಿನಲ್ಲಿ ತಂದ. ಮೂವತ್ತು ಮೆಟ್ಟಿಲು ಎರಡು ಸಲ ಹತ್ತಿದ.

ಆ ಸಿ.ಡಿ.ಯೊಳಗಿನ ಪುಸ್ತಕ ನಾನು ಕಂಡ ಪುಸ್ತಕಗಳಂತೆ ಇರಲಿಲ್ಲ. ಅದು ‘ಗೋ’ ಎಂಬ ಆಟದ ಪುಸ್ತಕ. ಹಲಗೆಯ ಮೇಲೆ ಅಡ್ಡ ಹತ್ತೊಂಬತ್ತು ಗೆರೆ, ಉದ್ದ ಹತ್ತೊಂಬತ್ತು ಗೆರೆ. ಗೆರೆಗಳು ಕೂಡುವಲ್ಲಿ ಒಬ್ಬ ಕಪ್ಪು ಕಲ್ಲು ಇಡಬೇಕು, ಇನ್ನೊಬ್ಬ ಬಿಳಿ ಕಲ್ಲು. ಒಮ್ಮೆ ಇಟ್ಟ ಕಲ್ಲನ್ನು ಕದಲಿಸುವ ಹಾಗಿಲ್ಲ. ಪುಟದ ಒಂದು ಬದಿ ಬರಹ, ಒಂದು ಬದಿ ಹಲಗೆ. ಪುಸ್ತಕ ಒಂದು ಪ್ರಶ್ನೆ ಕೇಳುತ್ತದೆ. ನಾವು ಮೌಸಿನಿಂದ ಹಲಗೆಯ ಮೇಲೆ ಒತ್ತಿದರೆ ಅಲ್ಲಿ ಕಲ್ಲು ಮೂಡುತ್ತದೆ. ಕೂಡಲೇ ಪುಸ್ತಕ ತನ್ನ ಕಲ್ಲು ಇಟ್ಟು ಉತ್ತರ ಕೊಡುತ್ತದೆ. ನಾವು ಸರಿ ಇದ್ದರೆ ಕೊನೆಗೆ ಒಂದು ಸಣ್ಣ ಗಂಟೆ. ತಪ್ಪಿದ್ದರೆ ನಮ್ಮ ಕಲ್ಲುಗಳು ಒಂದೊಂದಾಗಿ ಮಾಯ. ಮೊದಲ ಪುಟದಲ್ಲಿ ಕಲ್ಲನ್ನು ಹಿಡಿಯುವ ಕೈಯ ಚಿತ್ರ ಇತ್ತು, ಉಗುರಿನ ಮೇಲೆ ಕಲ್ಲು, ಅದರ ಮೇಲೆ ನಡುಬೆರಳು. ನಮ್ಮ ಮನೆಯಲ್ಲಿ ಕಲ್ಲೂ ಇರಲಿಲ್ಲ, ಹಲಗೆಯೂ ಇರಲಿಲ್ಲ, ಎದುರು ಕೂರುವವರೂ ಇರಲಿಲ್ಲ. ಆದ್ದರಿಂದ ಅವನು ಆ ಚಿತ್ರವನ್ನು ಮಾತ್ರೆಯಲ್ಲಿ, ಉಪ್ಪಿನಲ್ಲಿ ಅಭ್ಯಾಸ ಮಾಡಿದ.

ಇಂಗ್ಲಿಷ್ ಬರಹವನ್ನು ಅವನು ಡಿಕ್ಷನರಿ ಇಟ್ಟುಕೊಂಡು ಓದಿ ನನಗೆ ಹೇಳುತ್ತಿದ್ದ. ನಾನು ಪಕ್ಕದಲ್ಲಿ ನೆಲದ ಮೇಲೆ ಕೂತು ಬೀಡಿ ಕಟ್ಟುತ್ತಾ ಕೇಳುತ್ತಿದ್ದೆ. ಕೆಲವು ತಿಂಗಳಾದ ಮೇಲೆ ಅವನು ಹೇಳುವ ಮೊದಲೇ ನನಗೆ ಗೊತ್ತಾಗತೊಡಗಿತು. ಬರಹ ಬೇಡವಾಯಿತು, ಕಲ್ಲುಗಳೇ ಮಾತಾಡುತ್ತಿದ್ದವು.

“ಪ್ರತಿಯೊಂದು ಕಲ್ಲಿಗೂ ಉಸಿರು ಉಂಟು ಮೈಮೂ” ಎನ್ನುತ್ತಿದ್ದ. “ಸುತ್ತ ಖಾಲಿ ಇರುವ ಗೆರೆಯೇ ಅದರ ಉಸಿರು. ಎಲ್ಲ ಕಡೆ ಮುಚ್ಚಿದರೆ ಸತ್ತಿತು. ಮೊದಲು ಉಸಿರು ಎಣಿಸು, ಮತ್ತೆ ಇಡು.”

ಅವನ ಇನ್ನೊಂದು ಮಾತು: “ಹೆದರಿ ಇಟ್ಟ ಕಲ್ಲು ಪಕ್ಕದ ಕಲ್ಲನ್ನೂ ಕೊಲ್ತದೆ.”

ಪುಟದ ಕೆಳಗೆ ಎಡಕ್ಕೆ ಮುಖಮಾಡಿದ ಒಂದು ಬಾಣ ಇತ್ತು. ಅದನ್ನು ಒತ್ತಿದರೆ ತಪ್ಪಿ ಇಟ್ಟ ಕಲ್ಲು ಹಿಂದಕ್ಕೆ ಬರುತ್ತದೆ. ಕಾಕ ಅದನ್ನು ಒತ್ತಲು ಬಿಡುತ್ತಿರಲಿಲ್ಲ. “ಛೆ, ಒತ್ತಬೇಡ. ತಪ್ಪು ಎಲ್ಲಿಯವರೆಗೆ ಹೋಗ್ತದೆ ನೋಡುವ.” ನನ್ನ ಕಲ್ಲುಗಳೆಲ್ಲ ಸಾಯುವವರೆಗೆ ಕೂರಿಸಿ ನೋಡಿಸುತ್ತಿದ್ದ. ನಾನು ತಪ್ಪಾಗಿ ಇಟ್ಟದ್ದು ಒಂದೇ ಕಲ್ಲು, ಸತ್ತದ್ದು ಹದಿನೇಳು. ಆಮೇಲೆ ಆ ಹಲಗೆಯನ್ನು ನೋಟ್‌ಬುಕ್ಕಿನಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆದು ಬರೆದಿಡುತ್ತಿದ್ದ. ಕಪ್ಪು ವೃತ್ತ, ಬಿಳಿ ವೃತ್ತ, ಅವುಗಳೊಳಗೆ ಒಂದು, ಎರಡು, ಮೂರು ಎಂದು ಅಂಕೆ. ಅಂಥ ನೋಟ್‌ಬುಕ್ಕುಗಳು ಏಳು ಆಗಿದ್ದವು.

ಒಂದು ಪ್ರಶ್ನೆಗೆ ಅವನು ಮೂರು ದಿನ ಕೂತಿದ್ದ. ಬಿಳಿ ಗುಂಪೊಂದನ್ನು ಕೊಲ್ಲಬೇಕಿತ್ತು. ಹೊರಗಿನಿಂದ ಎಲ್ಲಿ ಇಟ್ಟರೂ ಅದು ಬದುಕುತ್ತಿತ್ತು. ಮೂರನೆಯ ದಿನ ನಾನು ಬೀಡಿಗೆ ನೂಲು ಸುತ್ತುತ್ತಾ, “ಅದರ ಬಾಯೊಳಗೇ ಒಂದು ಇಟ್ಟುಬಿಡು. ತಿನ್ನಲಿ” ಎಂದೆ.

“ತಿಂದರೆ ನಮ್ಮದೊಂದು ಹೋಯ್ತಲ್ಲ?”

“ಹೋಗ್ಲಿ. ತಿಂದು ಅದರ ಹೊಟ್ಟೆ ಇಕ್ಕಟ್ಟಾಗ್ತದೆ.”

ಅವನು ಒತ್ತಿದ. ಬಿಳಿ ತಿಂದಿತು. ಕಾಕ ಮತ್ತೊಂದು ಇಟ್ಟ. ಗಂಟೆ ಬಾರಿಸಿತು.

ಕಾಕ ಕುರ್ಚಿಯಿಂದ ತಿರುಗಿ ನನ್ನನ್ನು ನೋಡಿದ. “ನಿನ್ನನ್ನು ಏಳನೇ ಕ್ಲಾಸಿಗೆ ಶಾಲೆ ಬಿಡಿಸಿದ್ದು ಯಾರು ಮಾರಾಯ್ತಿ?” ಎಂದು ನಗಲು ಹೊರಟವನು ಅರ್ಧಕ್ಕೇ ನಿಲ್ಲಿಸಿದ. ಬಿಡಿಸುವಾಗ ಮನೆಗೆ ಹಿರಿಯನೆಂದು ಅವನನ್ನೇ ಕೇಳಿದ್ದರು. ಅವನು ಏನೂ ಹೇಳಿರಲಿಲ್ಲ. ಆ ದಿನದಿಂದ ಮೌಸನ್ನು ನನ್ನ ಕೈಗೆ ಕೊಟ್ಟ. ಅದು ನಾನು ನನ್ನಷ್ಟಕ್ಕೆ ಓದಿದ ಒಂದೇ ಪುಸ್ತಕ.

ಇಷ್ಟು ಬರೆದ ಮೇಲೆ ಇನ್ನು ಹೇಳಲೇಬೇಕು.

ಎರಡು ಸಾವಿರದ ಇಸವಿ ದಾಟಿ ಏಳೆಂಟು ವರ್ಷವಾಗಿತ್ತು. ದೂರದ ಪಟ್ಟಣಗಳಲ್ಲಿ ಬಾಂಬು ಸಿಡಿದ ಸುದ್ದಿ ಬರುತ್ತಿತ್ತು. ಆಮೇಲೆ ಹತ್ತಿರದ ಊರುಗಳಲ್ಲಿ ನಮ್ಮವರ ಹುಡುಗರನ್ನು ವಿಚಾರಣೆಗೆ ಕರೆದುಕೊಂಡು ಹೋದರೆಂಬ ಸುದ್ದಿ. ಯಾರು ತಪ್ಪು ಮಾಡಿದ್ದರು, ಯಾರು ಮಾಡಿರಲಿಲ್ಲ, ನನಗೆ ಗೊತ್ತಿಲ್ಲ. ಸಾಮಾನು ಕಟ್ಟಿ ಬಂದ ಪೇಪರನ್ನು ನಾನು ಬಿಡಿಸಿ ಓದುತ್ತಿದ್ದೆ. ಒಂದರಲ್ಲಿ ‘ಕಂಪ್ಯೂಟರ್, ಸಿ.ಡಿ.ಗಳು ಹಾಗೂ ಕೈಬರಹದ ನಕ್ಷೆಗಳು ವಶ’ ಎಂದಿತ್ತು. ಆ ಸಾಲನ್ನು ನಾನು ಕೂಡಿಸಿ ಕೂಡಿಸಿ ಮೂರು ಸಲ ಓದಿದೆ. ಕಣ್ಣೆತ್ತಿದರೆ ಎದುರಿಗೇ ಕಂಪ್ಯೂಟರ್, ಸಿ.ಡಿ., ಏಳು ನೋಟ್‌ಬುಕ್.

ಕಾಕನಿಗೆ ಹೇಳಿದೆ. ಅವನು, “ಇದು ಆಟ ಮೈಮೂ. ಆಟಕ್ಕೆ ಯಾರಾದರೂ ಹಿಡಿದುಕೊಂಡು ಹೋಗ್ತಾರಾ?” ಎಂದು ಉಪ್ಪಿನ ಹರಳನ್ನು ತಟ್ಟೆಗೆ ಟಕ್ ಎಂದು ಇಟ್ಟ.

ಆ ಸಮಯಕ್ಕೇ ಉಮ್ಮ ಹಠಹಿಡಿದು ಅವನಿಂದ ಪಾಸ್‌ಪೋರ್ಟಿಗೆ ಅರ್ಜಿ ಹಾಕಿಸಿದ್ದರು. ನನ್ನ ಗಂಡ ಅಲ್ಲಿ ಕೆಲಸ ನೋಡುತ್ತೇನೆಂದಿದ್ದರು. ಮಳೆ ನಿಂತು ಒಂದು ತಿಂಗಳಾಗಿರಬೇಕು. ಉಮ್ಮ ಕಕ್ಕಿಂಜೆಯಲ್ಲಿರುವ ತಂಗಿಯ ಮನೆಗೆ ಹೋಗಿದ್ದರು. ಕಾಕ ಕೆಲಸಕ್ಕೆ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನಾನು ಜಗಲಿಯಲ್ಲಿ ಎಲೆ ಕತ್ತರಿಸುತ್ತಿದ್ದೆ. ಮೆಟ್ಟಿಲಲ್ಲಿ ಮೊದಲು ಟೊಪ್ಪಿ ಕಂಡಿತು, ಆಮೇಲೆ ಖಾಕಿ ಅಂಗಿ.

ಒಬ್ಬರೇ ಇದ್ದರು. ವಯಸ್ಸಾದವರು, ಹೊಟ್ಟೆ ಬಂದವರು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದರು.

“ಹನೀಫ್ ಅಂದ್ರೆ ಇಲ್ಲಿಯಾ? ಪಾಸ್‌ಪೋರ್ಟ್ ಎನ್‌ಕ್ವಾಯರಿ ಉಂಟು.”

“ಅಣ್ಣ. ಕೆಲಸಕ್ಕೆ ಹೋಗಿದ್ದಾನೆ.”

“ಒಂದು ಚೆಂಬು ನೀರು ಕೊಡಿಯಮ್ಮ. ನಿಮ್ಮ ಮೆಟ್ಟಿಲು ಜೀವ ತೆಗೀತದೆ.”

ನಾನು ಬಾವಿಯಿಂದ ಆಗಷ್ಟೇ ಸೇದಿದ ನೀರು ಕೊಟ್ಟೆ. ಅವರು ಕುಡಿದು, “ಒಳ್ಳೆ ಸಿಹಿ ಉಂಟು ನೀರು” ಎಂದರು. ಚೆಂಬು ಇಡುವಾಗ ತೆರೆದ ಬಾಗಿಲಿನಿಂದ ಒಳಗೆ ನೋಡಿದರು. ಮೇಜಿನ ತುದಿಯಲ್ಲಿ ನೋಟ್‌ಬುಕ್ಕೊಂದು ಬಿಡಿಸಿದ ಹಾಗೇ ಇತ್ತು.

“ಇದೆಂತ? ರಂಗೋಲಿಯಾ?”

ನನಗೆ ಗೊತ್ತಿತ್ತು. ಆ ಪುಟದಲ್ಲಿದ್ದದ್ದು ನಾನೇ ಹೇಳಿಕೊಟ್ಟ, ಗಂಟೆ ಬಾರಿಸಿದ ಆ ಪ್ರಶ್ನೆ. ಆಟ ಎನ್ನಬಹುದಿತ್ತು. ಕೂರಿ ಸರ್, ತೋರಿಸುತ್ತೇನೆ ಎನ್ನಬಹುದಿತ್ತು. ಪೇಪರಿನ ‘ಕೈಬರಹದ ನಕ್ಷೆಗಳು’ ಎಂಬ ಮಾತು ನೆನಪಾಯಿತು.

“ನನಗೆ ಗೊತ್ತಿಲ್ಲ. ನಾನು ಓದಿದವಳಲ್ಲ” ಎಂದೆ.

“ಹ್ಞಾಂ. ನಾಳೆ ನಾಡಿದ್ದಿನಲ್ಲಿ ಠಾಣೆಗೆ ಬಂದು ಒಂದು ಸೈನ್ ಹಾಕ್ಲಿಕ್ಕೆ ಹೇಳಿ. ನಾನಿಲ್ಲದಿದ್ರೆ ಮತ್ತೆ ಬರ್ತೇನೆ” ಎಂದು ಹೇಳಿ ಇಳಿದು ಹೋದರು. ಅಷ್ಟೇ. ಅವರ ಕಡೆಯಿಂದ ನಡೆದದ್ದು ಇಷ್ಟೇ.

ಆದರೆ ನನ್ನ ಕಿವಿಗೆ ‘ಮತ್ತೆ ಬರ್ತೇನೆ’ ಎಂಬುದೊಂದೇ ಉಳಿಯಿತು. ಒಬ್ಬರು ಬಂದು ನೋಡಿ ಹೋದರು, ಇನ್ನು ಜೀಪು ಬರುತ್ತದೆ ಎಂದುಕೊಂಡೆ. ಬಿಸಿನೀರಿನ ಒಲೆಯಲ್ಲಿ ಇನ್ನೂ ಕೆಂಡ ಇತ್ತು. ಏಳೂ ನೋಟ್‌ಬುಕ್ಕುಗಳನ್ನು ಹರಿದು ಹರಿದು ಹಾಕಿದೆ. ಸಿ.ಡಿ.ಯನ್ನು ಕತ್ತಿಯ ಬೆನ್ನಿನಿಂದ ಜಜ್ಜಿದೆ. ಆಮೇಲೆ ಕಾಕ ಹೇಳಿದ್ದು ನೆನಪಾಯಿತು: ಸಿ.ಡಿ. ಇಲ್ಲದಿದ್ದರೂ ಪುಸ್ತಕ ಈಗ ಪೆಟ್ಟಿಗೆಯೊಳಗೆ ಉಂಟು. ಪೆಟ್ಟಿಗೆಯ ಹಿಂದಿನ ವಯರುಗಳನ್ನು ಎಳೆದು ಕಿತ್ತೆ. ಎತ್ತಿಕೊಂಡು ಅಂಗಳಕ್ಕೆ ಬಂದೆ. ಗುಡ್ಡೆಯ ಕೆಳಗೆ ಎಂಜಿನ್ನಿನ ಸದ್ದಾಯಿತು. ಅದು ರಿಕ್ಷಾ ಇರಬಹುದು, ಏನೂ ಇರಬಹುದು. ಹತ್ತು ಹೆಜ್ಜೆ ದೂರದಲ್ಲಿ ಬಾವಿ ಇತ್ತು.

ಮಳೆಗಾಲ ಮುಗಿದು ತುಂಬಿದ್ದ ಬಾವಿ. ಪೆಟ್ಟಿಗೆ ಮುಳುಗಿತು. ಅದರ ತೂತುಗಳಿಂದ ಗುಳ್ಳೆಗಳು ಬಹಳ ಹೊತ್ತು ಮೇಲೆ ಬರುತ್ತಿದ್ದವು. ಕಟ್ಟೆ ಹಿಡಿದು ನಿಂತು ನಾನು ಆ ಉಸಿರುಗಳನ್ನು ಎಣಿಸಿದೆ. ಎಣಿಸುವುದು ನನಗೆ ಅವನೇ ಕಲಿಸಿದ್ದು.

ಸಂಜೆ ಕಾಕ ಬಂದ. ಅವನ ಹೆಜ್ಜೆ ಮೆಟ್ಟಿಲಲ್ಲಿ ಕೇಳುವಾಗ ನನಗೆ ಪೊಲೀಸರ ಹೆದರಿಕೆಗಿಂತ ಅವನ ಮುಖದ ಹೆದರಿಕೆ ಹೆಚ್ಚಾಯಿತು. ಖಾಲಿ ಮೇಜನ್ನು ಅವನು ನೋಡುವ ಮೊದಲೇ ಹೇಳಿಬಿಟ್ಟೆ.

“ಪೊಲೀಸರು ಬಂದಿದ್ದರು ಕಾಕ. ಎಲ್ಲ ತೆಗೆದುಕೊಂಡು ಹೋದರು.”

“ಎಷ್ಟು ಜನ?”

“ಮೂವರು.”

“ಆಟ ಅಂತ ಹೇಳ್ಲಿಲ್ವಾ ನೀನು?”

“ಹೇಳಿದೆ. ನಂಬಲಿಲ್ಲ.”

ಅವನು ಕುರ್ಚಿಯಲ್ಲಿ ಕೂತ. ಟಿ.ವಿ.ಯಂಥ ಭಾಗ ಮಾತ್ರ ಮೇಜಿನ ಮೇಲಿತ್ತು, ಅದರಲ್ಲಿ ಅವನ ಮುಖ ಕಪ್ಪಾಗಿ ಕಾಣುತ್ತಿತ್ತು. ಅದನ್ನೇ ನೋಡುತ್ತಾ ಹೇಳಿದ: “ನಾಳೆ ನಾನೇ ಹೋಗ್ತೇನೆ. ಆಟ ಹೇಗೆ ಅಂತ ಹೇಳಿಕೊಡ್ತೇನೆ. ಪೊಲೀಸರಿಗೂ ಕೆಲಸ ಇಲ್ಲದ ಹೊತ್ತು ಇರ್ತದಲ್ಲ, ಕಲಿಯಲಿ.”

ಅವನು ಹೋಗಿದ್ದರೆ ಎಲ್ಲವೂ ಅಲ್ಲಿಗೆ ಮುಗಿಯುತ್ತಿತ್ತು. ಸೈನ್ ಹಾಕಿ ಬರುತ್ತಿದ್ದ. ನನ್ನ ಸುಳ್ಳು ಒಂದೇ ದಿನದಲ್ಲಿ ಸಾಯುತ್ತಿತ್ತು. ನಾನು ಅವನ ಕೈ ಹಿಡಿದುಕೊಂಡೆ. “ಬೇಡ ಕಾಕ. ಹೋದವರು ಬಂದದ್ದು ಉಂಟಾ? ನಿನ್ನ ಹೆಸರು ಬರೆದುಕೊಂಡಿದ್ದಾರೆ. ಅಂಗಡಿ ಎಲ್ಲಿ ಅಂತ ಕೇಳಿದ್ದಾರೆ. ಕಾಲಿಗೆ ಬೀಳ್ತೇನೆ, ಹೋಗ್ಬೇಡ” ಎಂದು ಅತ್ತೆ. ಅಳು ಮಾತ್ರ ನಿಜವಾಗಿತ್ತು.

ಒಂದು ಸುಳ್ಳನ್ನು ಉಳಿಸಲಿಕ್ಕೆ ನಾನು ಅವನಿಗೆ ಹೆದರಿಕೆ ಉಣಿಸಿದೆ. ಒಂದೇ ದಿನ ಅಲ್ಲ. ಅವನು ಕೇಳಿದಾಗಲೆಲ್ಲ ಒಂದೊಂದು ತುತ್ತು.

ಎರಡು ವಾರದಲ್ಲಿ ಅವನು ಬೇರೆ ಮನುಷ್ಯನಾದ. ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಯಾರೋ ಕೂತು ನೋಡುತ್ತಾರೆ ಎಂದ. ಅಂಗಡಿಯಲ್ಲಿ ಮೌಸ್ ಹಿಡಿದರೆ ಕೈ ನಡುಗುತ್ತದೆ ಎಂದ. ಆಮೇಲೆ ಕೆಲಸಕ್ಕೆ ಹೋಗುವುದನ್ನೇ ಬಿಟ್ಟ. ಒಂದು ಮಧ್ಯಾಹ್ನ ಗೋಡೆಯ ಕ್ಯಾಲೆಂಡರನ್ನು ಇಳಿಸಿ ಚೂರುಚೂರು ಮಾಡುತ್ತಿದ್ದ. ರಂಜಾನಿನಲ್ಲಿ ತಪ್ಪಿದ ಉಪವಾಸಗಳನ್ನು ಆಮೇಲೆ ಹಿಡಿದು ತೀರಿಸಲಿಕ್ಕೆ ನಾನು ಅದರಲ್ಲಿ ಪೆನ್ನಿನಿಂದ ವೃತ್ತ ಹಾಕಿದ್ದೆ.

“ಎಂತ ಮಾಡ್ತೀ ಕಾಕ?”

“ವೃತ್ತ ಉಂಟಲ್ಲ ಮೈಮೂ ಇದರಲ್ಲಿ. ಅಂಕೆಯ ಸುತ್ತ ವೃತ್ತ. ಅವರು ನೋಡಿದ್ರೆ?”

ಆಗಲಾದರೂ ಹೇಳಬೇಕಿತ್ತು. ನಾನು ಚೂರುಗಳನ್ನು ಗುಡಿಸಿ ಒಲೆಗೆ ಹಾಕಿದೆ.

ತಿಂಗಳಾದ ಮೇಲೆ ಅದೇ ವಯಸ್ಸಾದ ಪೊಲೀಸರು ಮತ್ತೆ ಬಂದರು. ಕಾಕ ಜಗಲಿಯಲ್ಲಿದ್ದ. ಮೆಟ್ಟಿಲಲ್ಲಿ ಟೊಪ್ಪಿ ಕಂಡದ್ದೇ ಎದ್ದು, ಅಡುಗೆಮನೆ ದಾಟಿ, ಹಿತ್ತಿಲಿನಿಂದ ಗುಡ್ಡೆ ಇಳಿದು ಹೋದ. ಅವನ ಚಪ್ಪಲಿ ಜಗಲಿಯಲ್ಲೇ ಉಳಿಯಿತು.

“ಎಂತಮ್ಮ, ನಿಮ್ಮ ಅಣ್ಣನಿಗೆ ಪಾಸ್‌ಪೋರ್ಟ್ ಬೇಡವಾ? ಒಂದು ಸೈನಿಗೆ ಎಷ್ಟು ಸಲ ಹೇಳುವುದು? ನನ್ನ ಮೊಣಕಾಲು ಹೋಯ್ತು ಮಾರಾಯ್ತಿ” ಎಂದರು ಅವರು. ಚಪ್ಪಲಿಯ ಪಕ್ಕದಲ್ಲೇ ಕೂತು ನೀರು ಕೇಳಿದರು. ನಾನು ಸೇದಿ ಕೊಟ್ಟೆ. ಅವರು ಪೂರ್ತಿ ಕುಡಿದರು. ನಾವೂ ಆ ನೀರನ್ನೇ ಕುಡಿಯುತ್ತಿದ್ದೆವು.

ಸಂಜೆ ಕಕ್ಕಿಂಜೆಯಿಂದ ಚಿಕ್ಕಮ್ಮನ ಫೋನ್ ಬಂತು. “ಹನೀಫ್ ಬರಿಗಾಲಲ್ಲಿ ಬಂದಿದ್ದಾನೆ. ಕೇಳಿದ್ರೆ ಮಾತಾಡುವುದಿಲ್ಲ. ಎಂತ ಆಯ್ತು ಮೈಮೂನಾ?”

ಅವನು ಐದು ತಿಂಗಳು ಅಲ್ಲಿಯೇ ಉಳಿದ. ಚಾರ್ಮಾಡಿ ಘಾಟಿಗೆ ಹೋಗುವ ರಸ್ತೆಯ ಬದಿಯ ಮನೆ. ದಿನವಿಡೀ ಗಾಡಿಗಳು. ಜೀಪಿನ ಸದ್ದು ಕೇಳಿದರೆ ಒಳಕೋಣೆಗೆ ಹೋಗಿ ಭತ್ತದ ಮೂಟೆಗಳ ಹಿಂದೆ ಕೂರುತ್ತಾನೆಂದು ಚಿಕ್ಕಮ್ಮ ಹೇಳುತ್ತಿದ್ದರು. ಉಮ್ಮ ನಮಾಜಿನ ಚಾಪೆಯಿಂದ ಏಳುತ್ತಲೇ ಇರಲಿಲ್ಲ. “ನನ್ನ ಮೋನು ಎಂತ ತಪ್ಪು ಮಾಡಿದ ರಬ್ಬೇ” ಎಂದು ಕೇಳುತ್ತಿದ್ದರು. ಉತ್ತರ ಗೊತ್ತಿದ್ದವಳು ಪಕ್ಕದಲ್ಲಿ ಬೀಡಿ ಕಟ್ಟುತ್ತಿದ್ದೆ.

ಬೇಸಿಗೆ ಬಂತು. ಗುಡ್ಡೆಯ ಬಾವಿ, ಮಾರ್ಚಿನಿಂದಲೇ ನೀರು ಇಳಿಯತೊಡಗಿತು. ದಿನಾ ಬೆಳಿಗ್ಗೆ ಹಗ್ಗ ಬಿಡುವ ಮೊದಲು ಬಗ್ಗಿ ನೋಡುತ್ತಿದ್ದೆ. ಕೆಂಪುಕಲ್ಲಿನ ಎಷ್ಟು ಸಾಲು ಹೊರಗೆ ಬಂತೆಂದು ಎಣಿಸುತ್ತಿದ್ದೆ. ಏಪ್ರಿಲಿನ ಕೊನೆಗೆ ತಳದಲ್ಲಿ ಒಂದು ಬಿಳಿಚಿದ ಮೂಲೆ ಕಂಡಿತು. ಕೊಡಪಾನ ಬಿಡುವಾಗ ಒಂದು ದಿನ ಟಣ್ ಎಂದು ಸದ್ದಾಯಿತು. ಆಮೇಲೆ ನಾನು ಗೋಡೆಗೆ ತಾಗಿಸಿ ಬಿಡುತ್ತಿದ್ದೆ.

ನಮ್ಮ ಮನೆಯಲ್ಲಿ ಮಳೆಗೆ ಮುಂಚೆ ಬಾವಿಯ ಕೆಸರು ತೆಗೆಯುವ ಕ್ರಮ ಉಂಟು. ಮೊದಲು ಉಪ್ಪ ಇಳಿಯುತ್ತಿದ್ದರು, ಆಮೇಲೆ ಕಾಕ. ಹೊರಗಿನವರನ್ನು ಇಳಿಸಿದ್ದಿಲ್ಲ.

“ಹನೀಫ್‌ಗೆ ಬರ್ಲಿಕ್ಕೆ ಹೇಳು ಮೋಳೇ. ನೀರಿಗೆ ವಾಸನೆ ಉಂಟು” ಎಂದರು ಉಮ್ಮ.

“ಈ ವರ್ಷ ಬೇಡ ಉಮ್ಮ.”

“ಒಂದು ದಿನಕ್ಕಾದರೂ ಬರಲಿ. ನನಗೆ ಅವನ ಮುಖ ನೋಡ್ಬೇಕು.”

ಅವನು ಬೆಳಗಿನ ಮೊದಲ ಬಸ್ಸಿಗೆ ಬಂದ. ಕೆನ್ನೆಯ ಮೂಳೆ ಎದ್ದಿತ್ತು. ಮೆಟ್ಟಿಲು ಹತ್ತುವಾಗ ಎರಡು ಸಲ ಹಿಂದೆ ತಿರುಗಿ ನೋಡಿದ. ಬಾವಿಗೆ ಇಳಿಯುವ ಮೊದಲು ನನ್ನ ಕೈಗೆ ಹಗ್ಗ ಕೊಟ್ಟು, “ಯಾರಾದ್ರೂ ಬಂದ್ರೆ ಹಗ್ಗ ಎರಡು ಸಲ ಎಳಿ. ನಾನು ಸದ್ದು ಮಾಡದೆ ಕೂರ್ತೇನೆ” ಎಂದ.

ಕೆಳಗಿನಿಂದ ಬಕೆಟು ಕಟ್ಟಿ ಕಳಿಸುತ್ತಿದ್ದ, ನಾನು ರಾಟೆಯಲ್ಲಿ ಎಳೆದು ಸುರಿಯುತ್ತಿದ್ದೆ. ಒಂದು ಬಕೆಟು ಕೆಸರು. ಎರಡು. ಏಳನೆಯದರ ನಂತರ ಕೆಳಗೆ ಸದ್ದು ನಿಂತಿತು. ನಾನು ಬಗ್ಗಿ ನೋಡಲಿಲ್ಲ. ಕಟ್ಟೆಗೆ ಬೆನ್ನು ಹಾಕಿ ನಿಂತೆ. ಎಷ್ಟು ಹೊತ್ತೋ. ಬಾವಿಯೊಳಗಿನಿಂದ ಅವನ ದನಿ ಬಂತು, ಮೆಲ್ಲಗೆ.

“ಮೈಮೂ, ಎಳಿ.”

ಎಳೆದೆ. ಭಾರ ಇತ್ತು. ರಾಟೆ ಕಿರುಗುಟ್ಟಿತು. ನನ್ನ ಕೈಯಿಂದಲೇ ಕೆಳಗೆ ಹೋದದ್ದು ನನ್ನ ಕೈಯಿಂದಲೇ ಮೇಲೆ ಬಂತು. ಅದರ ತೂತುಗಳಿಂದ ಕೆಂಪು ನೀರು ಸುರಿಯುತ್ತಿತ್ತು.

ಕಾಕ ಹತ್ತಿ ಬಂದು ಕಟ್ಟೆಯ ಮೇಲೆ ಕೂತ. ಎದೆಯವರೆಗೆ ಕೆಸರು. ಪೆಟ್ಟಿಗೆಯನ್ನು ನೋಡಿದ, ನನ್ನನ್ನು ನೋಡಿದ.

“ಯಾರೂ ಬರ್ಲಿಲ್ವಾ?”

“ಒಬ್ಬರು ಬಂದಿದ್ದರು. ಪಾಸ್‌ಪೋರ್ಟಿಗೆ. ನೀರು ಕುಡಿದು ಹೋದರು.”

“ಮತ್ತೆ ಬಂದದ್ದು?”

“ಅವರೇ. ಸೈನಿಗೆ.”

“ಅಂದ್ರೆ ನನ್ನನ್ನು ಯಾರೂ ಹುಡುಕ್ತಾ ಇಲ್ಲ?”

“ಇಲ್ಲ ಕಾಕ.”

ಅವನು ಹೊಡೆಯುತ್ತಾನೆ ಎಂದುಕೊಂಡಿದ್ದೆ.  ಅವನು ಎರಡೂ ಕೈಯಿಂದ ಕಟ್ಟೆಯನ್ನು ಒತ್ತಿ ಹಿಡಿದುಕೊಂಡ. ಬಾಯಿ ತೆರೆದು ಗಾಳಿ ಎಳೆದುಕೊಂಡ, ಮುಳುಗಿ ಎದ್ದವರಂತೆ. ಸಿಟ್ಟಿಗಿಂತ ಮೊದಲು ಅವನಿಗೆ ಬಂದದ್ದು ಉಸಿರು. ಅದನ್ನು ನೋಡುವುದು ಹೊಡೆತ ತಿನ್ನುವುದಕ್ಕಿಂತ ಕಷ್ಟವಾಗಿತ್ತು.

ಆಮೇಲೆ ಹೇಳಿದ: “ನೀನು ಆ ಹಿಂದಕ್ಕೆ ಬರುವ ಬಾಣ ಒತ್ತಬಹುದಿತ್ತಲ್ಲ ಮೈಮೂ. ಯಾವ ದಿನ ಬೇಕಾದ್ರೂ.”

 ಉಮ್ಮ ಚಾ ಹಿಡಿದುಕೊಂಡು ಬಂದರು. ಅವರ ಕಣ್ಣು ಮಂಜಾಗಿತ್ತು. “ಎಂತ ಮೋನೇ ಅದು ಬಾವಿಯಲ್ಲಿ?”

“ಯಾರೋ ಬಿಸಾಡಿದ ಡಬ್ಬ ಉಮ್ಮ” ಎಂದ ಕಾಕ. ಅವರಿಗೆ ಕೊನೆಯವರೆಗೂ ಹೇಳಲಿಲ್ಲ. ಈಗ ಉಮ್ಮ ಇಲ್ಲದ್ದರಿಂದ ನಾನು ಬರೆಯುತ್ತಿದ್ದೇನೆ.

ಠಾಣೆಗೆ ಹೋಗುವಾಗ ನನ್ನನ್ನೂ ಕರೆದ. ಬಾಗಿಲಿನವರೆಗೆ ಸರಿಯಾಗಿ ನಡೆದವನು ಒಳಗೆ ಬೂಟಿನ ಸದ್ದು ಕೇಳಿದ್ದೇ ನನ್ನ ಮಣಿಕಟ್ಟನ್ನು ಹಿಡಿದುಕೊಂಡ. ಅದೇ ವಯಸ್ಸಾದ ಪೊಲೀಸರು ಕಾಗದ ಮುಂದಿಟ್ಟು, “ಎಂತ ಹನೀಫ್, ಜ್ವರ ಉಂಟಾ? ಪೆನ್ನು ನಿಲ್ಲುವುದಿಲ್ಲ ನಿಮ್ಮ ಕೈಯಲ್ಲಿ” ಎಂದರು. ಏನೂ ಇಲ್ಲವೆಂದು ಅವನಿಗೆ ಗೊತ್ತಿತ್ತು. ಅವನ ಕೈಗೆ ಗೊತ್ತಿರಲಿಲ್ಲ. ನನ್ನ ಸುಳ್ಳು ಬಾವಿಯಿಂದ ಮೇಲೆ ಬಂದಿತ್ತು, ನಾನು ಹಾಕಿದ ಹೆದರಿಕೆ ಅವನೊಳಗೇ ಉಳಿದಿತ್ತು.

ಆರು ತಿಂಗಳಲ್ಲಿ ಅವನು ಗಲ್ಫಿಗೆ ಹೋದ. ಶುಕ್ರವಾರ ಫೋನ್ ಮಾಡುತ್ತಾನೆ. ಹೇಗಿದ್ದೀ, ಮಳೆ ಬಂತಾ, ಬಾವಿಯಲ್ಲಿ ನೀರು ಉಂಟಾ ಎಂದು ಕೇಳುತ್ತಾನೆ. ಆಟದ ಮಾತು ಎತ್ತುವುದಿಲ್ಲ. ಅಲ್ಲಿ ಕಂಪ್ಯೂಟರಿನ ಕೆಲಸ ಸಿಕ್ಕಿತ್ತಂತೆ, ಬೇಡವೆಂದು ಗೋದಾಮಿಗೆ ಸೇರಿದನಂತೆ. ಉಮ್ಮ ತೀರಿಕೊಂಡಾಗ ಮಯ್ಯತ್ತಿಗೂ ಬರಲಾಗಲಿಲ್ಲ. ಅವನು ಹೊರಟ ಬೆಳಿಗ್ಗೆಯೇ ನಾನು ಅವನನ್ನು ಕೊನೆಯದಾಗಿ ಕಂಡದ್ದು.

ಆ ಬೆಳಿಗ್ಗೆ ಸೂಟ್‌ಕೇಸು ಜಗಲಿಯಲ್ಲಿತ್ತು. ಉಮ್ಮ ಮಂಚದ ಮೇಲೆ ಕೂತಿದ್ದರು, ಮುಂದೆ ಸ್ಟೀಲ್ ತಟ್ಟೆ. ಕಾಕ ಮಾತ್ರೆ ಬಿಡಿಸಿದ. ತೋರುಬೆರಳಿನ ಉಗುರಿನ ಮೇಲೆ ಕೂರಿಸಿದ. ನಡುಬೆರಳು ಒತ್ತಿದ. ಕೈ ಎತ್ತುವಷ್ಟರಲ್ಲಿ ಬೆರಳು ನಡುಗಿ ಮಾತ್ರೆ ಜಾರಿತು. ನೆಲಕ್ಕೆ ಬಿದ್ದು ಉರುಳಿ ಮಂಚದ ಕೆಳಗೆ ಹೋಯಿತು. ಅವನು ತನ್ನ ಎರಡು ಬೆರಳುಗಳನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಇನ್ನೊಂದು ಮಾತ್ರೆ ಬಿಡಿಸಿ ಉಮ್ಮನ ಅಂಗೈಗೆ ಹಾಕಿ, ಅವರ ಬೆರಳುಗಳನ್ನು ಒಂದೊಂದಾಗಿ ಮುಚ್ಚಿದ.

“ಈಗ ಸರಿ ಕೊಟ್ಟೆ ನೋಡು ಮೋನೇ” ಎಂದು ಉಮ್ಮ ಸಂತೋಷಪಟ್ಟರು.

ನಾನು ಬಿದ್ದ ಮಾತ್ರೆ ಹುಡುಕುವವಳಂತೆ ಮಂಚದ ಕೆಳಗೆ ಬಗ್ಗಿದೆ. ಮಾತ್ರೆ ಅಲ್ಲೇ ಕಣ್ಣೆದುರಿಗೆ ಇತ್ತು. ಅವನ ಹೆಜ್ಜೆ ಮೂವತ್ತು ಮೆಟ್ಟಿಲು ಇಳಿದು ಮುಗಿಯುವವರೆಗೆ ನಾನು ಏಳಲಿಲ್ಲ.